ಅವ್ವನ ಚೀಲಕ್ಕಿಂತ ಮೊದಲು ಅವ್ವನ ಎಮ್ಮೆ

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಮಲಪ್ರಭೆ ನಮ್ಮೂರೊಳಗೆ ಬಂತು. ನಮ್ಮದು ನರಗುಂದ ತಾಲ್ಲೂಕು, ಕೊಣ್ಣೂರಿನ ಹತ್ತಿರ. ನಾನು ಹುಬ್ಬಳ್ಳಿಯಲ್ಲಿ ಕೂತು ಫೋನ್ ಮೇಲೆ ಫೋನ್ ಮಾಡುತ್ತಿದ್ದೆ. ಅವ್ವನದು ಒಂದೇ ಮಾತು: "ಎಮ್ಮೀನ ಬಿಟ್ಟ ನಾ ಎಲ್ಲಿಗೂ ಬರಂಗಿಲ್ಲ." ಕೊನೆಗೆ ಎದುರುಮನೆ ಹುಡುಗ ಹಗ್ಗ ಬಿಚ್ಚಿ ಎಮ್ಮೆಯನ್ನು ಮುಂದೆ ಹೊಡೆದ. ಅವ್ವ ಅದರ ಹಿಂದೆ ಹೊರಟಳು. ಮೊಣಕಾಲುಮಟ ನೀರು, ಬರಿಗಾಲು.

ಅದಕ್ಕೇ ಹೇಳುತ್ತೇನೆ, ನೆರೆ ಬಂದರೆ ಎತ್ತಿಕೊಂಡು ಹೊರಡಲು ಮನೆಯ ಹಿರಿಯರಿಗೆ ಚೀಲ ಕಟ್ಟುವ ಮೊದಲು ಅವರನ್ನು ಒಂದು ಮಾತು ಕೇಳಿ: "ಏನ ಬಿಟ್ಟ ಬರಾಕ ನಿನಗ ಆಗಂಗಿಲ್ಲ?" ಹಿರಿಯರದು ಹಟ ಅಂತ ನಾವು ಸುಮ್ನೆ ಬೈತೀವಿ. ಪಕ್ಕದ ಮನೆ ಅಜ್ಜನಿಗೆ ಜಗಲಿ ಮೇಲಿನ ದೇವರು, ಓಣಿಯ ಇನ್ನೊಬ್ಬ ಅಜ್ಜಿಗೆ ಎರಡು ಚೀಲ ಜೋಳ. ಅದಕ್ಕೊಂದು ದಾರಿ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಈಗ ಡ್ಯಾಮು ತುಂಬುತ್ತಿದೆ ಅನ್ನುವ ಸುದ್ದಿ ಬಂದ ಕೂಡಲೇ ನಮ್ಮ ಎಮ್ಮೆ ದಿಬ್ಬದ ಮೇಲಿರುವ ಮಾವನ ಹೊಲಕ್ಕೆ ಹೋಗುತ್ತದೆ.

ಇನ್ನು ಚೀಲ. ಅವತ್ತು ನೆರೆಯಿಂದ ಬಂದವರನ್ನು ಇರಿಸಿದ್ದ ಕಾಳಜಿ ಕೇಂದ್ರದಲ್ಲಿ ಡಾಕ್ಟರು ಯಾವ ಗುಳಿಗೆ ತಗೋತೀರಿ ಅಂತ ಕೇಳಿದರಂತೆ. "ಬೆಳ್ಳನ್ನ ಗುಳಿಗಿರೀ, ಸಣ್ಣದು" ಅಂದಳಂತೆ ಅವ್ವ. ಬಿಪಿಗೂ ಶುಗರ್‌ಗೂ ಅವಳು ನುಂಗುವುದು ಬಿಳಿ ಗುಳಿಗೆಗಳೇ! ಹಾಗಾಗಿ ಗುಳಿಗೆ ಬಿಡಿಸಿ ಡಬ್ಬಿಗೆ ಹಾಕಬೇಡಿ. ಸ್ಟ್ರಿಪ್ ಸಮೇತ ಇಡಿ, ಹೆಸರೂ ತಾರೀಖೂ ಅದರ ಮೇಲೇ ಇರುತ್ತದೆ. ಡಾಕ್ಟರ ಚೀಟಿಯ ಜೆರಾಕ್ಸ್ ಜೊತೆಗಿರಲಿ. ಒಂದು ವಾರದ ಗುಳಿಗೆ ಸಾಕು, ಆದರೆ ಪ್ರತಿ ಅಮಾವಾಸ್ಯೆಗೆ ಹಳೇದು ತೆಗೆದು ಹೊಸದು ಹಾಕಬೇಕು. ತಿಂಗಳ ತಾರೀಖು ಅವ್ವನಿಗೆ ನೆನಪಿರಲ್ಲ, ಅಮಾವಾಸ್ಯೆ ಮರೆಯಲ್ಲ.

ಉಳಿದದ್ದು: ಹಳೇ ಕನ್ನಡಕ, ಟಾರ್ಚು, ಒಂದು ಜೊತೆ ಚಪ್ಪಲಿ, ಒಂದು ಸೀರೆ, ಫೋನಿನ ಚಾರ್ಜರು, ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಜೆರಾಕ್ಸ್. ಶುಗರ್ ಇದ್ದವರಿಗೆ ಒಂದು ಹಳಕು ಬೆಲ್ಲವೂ ಬೇಕು. ಊಟ ತಪ್ಪಿ ಶುಗರ್ ಇಳಿದರೆ ಬೆವರಿ, ಕೈ ನಡುಗುತ್ತದೆ, ಆಗ ಅದೇ ಔಷಧಿ. ಮೊದಲ ಸಲ ಚೀಲ ಕಟ್ಟಿದಾಗ ಹಲ್ಲಿಲ್ಲದ ಅವ್ವನಿಗೆ ಕಟಕ ರೊಟ್ಟಿ ಕಟ್ಟಿಕೊಟ್ಟ ಜಾಣ ನಾನೇ. ಈಗ ಅವಲಕ್ಕಿ ಇಡುತ್ತೇವೆ. ಚೀಲ ಎತ್ತಿ ನೋಡಲಿ, ಅವರ ಕೈಗೆ ಭಾರವಾದರೆ ಕಡಿಮೆ ಮಾಡಿ. ನಮ್ಮದು ಬಾಗಿಲ ಪಕ್ಕದ ಗೂಟಕ್ಕೆ ತೂಗುತ್ತದೆ.

ಆಮೇಲೆ ನಡೆದು ನೋಡುವುದು. ಇದನ್ನು ಯಾರೂ ಮಾಡಲ್ಲ. ಮನೆಯಿಂದ ಎತ್ತರದಲ್ಲಿರುವ ಶಾಲೆಗೆ ನನಗೆ ಆರು ನಿಮಿಷ. ಅವ್ವನ ಜೊತೆ ಹೋದರೆ ಇಪ್ಪತ್ತೆರಡು. ಹನುಮಪ್ಪನ ಗುಡಿ ಕಟ್ಟೆ ಮೇಲೆ ಒಮ್ಮೆ, ಗಿರಣಿ ಮುಂದೆ ಒಮ್ಮೆ ಕೂತಳು. ಅದೂ ಒಣ ನೆಲದಲ್ಲಿ, ಬೆಳಕಿನಲ್ಲಿ. ಹಾಗಾದರೆ ನೀರು ಕಂಡ ಮೇಲೆ ಹೊರಟರೆ ಆಗಲ್ಲ, ಡಂಗುರ ಕೇಳಿದ ಕೂಡಲೇ ಹೊರಡಬೇಕು. ಡಂಗುರ ಅವರಿಗೆ ಕೇಳಿಸುತ್ತದಾ ಅನ್ನೋದೂ ನೋಡಿಕೊಳ್ಳಿ. ಅವ್ವನಿಗೆ ಎಡಗಿವಿ ಮಂದ. ಬಂದು ಬಾಗಿಲು ಬಡಿಯುವ ಕೆಲಸ ಎದುರುಮನೆ ಹುಡುಗನದು, ಅವನಿಲ್ಲದಿದ್ದರೆ ಅವನ ಅಕ್ಕನದು. "ಯಾರಾದರೂ ನೋಡ್ತಾರೆ" ಅಂದರೆ ಯಾರೂ ನೋಡಲ್ಲ.

ಅವರಿಬ್ಬರ ನಂಬರು, ನನ್ನದು, 112, 108, ಜಿಲ್ಲಾ ಕಂಟ್ರೋಲ್ ರೂಮಿನ 1077, ಇಷ್ಟನ್ನೂ ಬಾಗಿಲ ಒಳಗಡೆ ದೊಡ್ಡ ಅಂಕಿಗಳಲ್ಲಿ ಬರೆದಿದ್ದೇನೆ.

ಹೊಳೆ ಇಲ್ಲದ ಊರಿನವರೂ ಒಂದು ಗಮನಿಸಿ. ಮಣ್ಣಿನ ಗೋಡೆ, ಮೇಲೆ ಮಣ್ಣು ಹೊದಿಸಿದ ಮಾಳಿಗೆ ಇರುವ ಮನೆಯಾದರೆ ಎರಡು-ಮೂರು ದಿನ ಬಿಡದೆ ಮಳೆ ಹಿಡಿದಾಗ ಹಿರಿಯರನ್ನು ಗೋಡೆ ಪಕ್ಕ ಮಲಗಿಸಬೇಡಿ. ಹೊಸ ಬಿರುಕು, ಉದುರುವ ಮಣ್ಣು ಕಂಡರೆ ಅವತ್ತೇ ಬೇರೆ ಕಡೆ ಕಳಿಸಿ. ಮಳೆ ನಿಂತ ಮೇಲೂ ನೆನೆದ ಗೋಡೆ ಬೀಳುತ್ತದೆ. ವಾಪಸ್ ಬಂದಾಗ ಮೊದಲು ನೀವು ಒಳಗೆ ಹೋಗಿ ಗೋಡೆ ನೋಡಿ. ಮೀಟರು, ವೈರು ನೆನೆದಿದ್ದರೆ ಕೈ ಹಾಕದೆ ಲೈನ್‌ಮನ್ ಕರೆಸಿ. ಅಲ್ಲಿಯವರೆಗೆ ಅವ್ವ ಮಾವನ ಹೊಲದಲ್ಲಿರಲಿ. ಎಮ್ಮೆಯೂ ಅಲ್ಲೇ ಇದೆಯಲ್ಲ.