ಹೆಸರಿಲ್ಲದ ರೊಟ್ಟಿ ಚೀಲ

ಗವಿಮಠದ ಜಾತ್ರೆಗೆ ರೊಟ್ಟಿ ಕೊಡುವುದು ಕೊಪ್ಪಳ ಸೀಮೆಯವರಿಗೆ ಹೊಸದಲ್ಲ. ಬಡಿಯುವುದನ್ನೂ ನಾನು ಹೇಳಿಕೊಡಬೇಕಿಲ್ಲ. ಕೊಟ್ಟ ಮೇಲೆ ಕೈ ಬಿಡುವುದಿದೆಯಲ್ಲ, ಅದು ಮಾತ್ರ ನನಗೆ ಆರೇಳು ವರ್ಷ ಆಗಲಿಲ್ಲ.

ಮೊದಲ ವರ್ಷ ಚೀಲದ ಮೇಲೆ ಮನೆತನದ ಹೆಸರು ಬರೆದೆ. ಟ್ರ್ಯಾಕ್ಟರ್ ಇಳಿಸಿದ ಮೇಲೂ ಊರಿಗೆ ಹೊರಡಲಿಲ್ಲ. ಮಹಾದಾಸೋಹದ ಪಂಕ್ತಿ ಸುತ್ತಿ, ನಮ್ಮ ರೊಟ್ಟಿ ಯಾರ ತಾಟಿಗೆ ಬಿತ್ತು ಅಂತ ಹುಡುಕಿದೆ. ನಾನು ಬಡಿದ ರೊಟ್ಟಿಯ ಅಂಚು ಸೀಳಿರಲ್ಲ, ಗುರುತು ಸಿಗುತ್ತೆ ಅಲ್ವಾ! ಒಬ್ಬರು ಅರ್ಧ ತಿಂದು ಬಿಟ್ಟಿದ್ದರು. ಲಕ್ಷಗಟ್ಟಲೆ ರೊಟ್ಟಿ ಬರುವ ಜಾಗದಲ್ಲಿ ಆ ಅರ್ಧಕ್ಕೆ ಕಣ್ಣೀರು ಹಾಕಿದೆ.

ಮುಂದಿನ ಸಲ ಕೂಲಿ ಕೊಟ್ಟು ಮಾಡಿಸಿದೆ. ಐನೂರು ರೊಟ್ಟಿಗೆ ಸುಮಾರು ಮೂರು ಸಾವಿರ. ಸರಿಯಾಗಿ ಒಣಗಿಸದೆ ಕಟ್ಟಿದ್ದರು, ಬೂಸ್ಟು ಬಂತು. ಸಾಲದ್ದಕ್ಕೆ ‘ಮೂರು ಸಾವಿರ ಕೊಟ್ಟೀನಿ’ ಅನ್ನೋ ಮಾತು ವರ್ಷವಿಡೀ ನನ್ನ ಬಾಯಲ್ಲಿತ್ತು.

ಸೋಹಂ ಅಂದರೆ ಅವನೇ ನಾನು, ದಾಸೋಹಂ ಅಂದರೆ ಅವನ ಆಳು ನಾನು. ಭಜನೆಯಲ್ಲಿ ಇದನ್ನು ಎಲ್ಲರೂ ಹೇಳುತ್ತೇವೆ. ನನ್ನೊಳಗೆ ಆಳಿಗಿಂತ ಮಾಲಕಿಯೇ ಜಾಸ್ತಿ ಇದ್ದಳು.

ಕೊನೆಗೆ ಹನ್ನೆರಡು ಮನೆಯ ಜೋಳ ಒಂದೇ ರಾಶಿ ಸುರಿದು ಗಿರಣಿಗೆ ಕಳಿಸೋಣ ಅಂದೆ. ಬಡಿಯುವವರು ಒಬ್ಬರು, ಹೆಂಚಿನ ಮುಂದೆ ಇನ್ನೊಬ್ಬರು, ಒಣಗಿಸಲು ಮೂರನೆಯವರ ಮಾಳಿಗೆ. ಚೀಲಕ್ಕೆ ಹೆಸರಿಲ್ಲ.

“ಯಕ್ಕಾ, ಕೆಟ್ಟರ ಯಾರನ್ನ ಕೇಳೋದು?” ಅಂದಳು ನೆಗೆಣ್ಣಿ.

“ಯಾರನ್ನೂ ಕೇಳಬಾರದು ಅಂತನ ಹಿಂಗ ಮಾಡೋದು.”

ಮೂರು ಮನೆಯವರು ನಕ್ಕು ಎದ್ದು ಹೋದರು. ನಡುವೆ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿಯೂ ನೋಡಿದೆ. ಹಿಟ್ಟು ನಾಲ್ಕು ದಿನ ಇಟ್ಟಿದ್ದಕ್ಕೇ ಕಹಿಯಾಯಿತು. ಎಲ್ಲ ಎಮ್ಮೆಯ ಪಾಲು. ಆ ಹಿಟ್ಟು ಯಾರ ಮನೆಯದು ಅಂತ ಕೇಳಲಿಲ್ಲ.

ಈ ಸಲ ಒಂಬತ್ತು ಮನೆಯಿಂದ ಒಂಬೈನೂರು ಚಿಲ್ಲರೆ ಹೋದವು. ಮನೆಗೆ ಐದು ಕಿಲೋ ಹಿಟ್ಟು, ಕಟ್ಟಿಗೆ ಸೇರಿ ಮುನ್ನೂರರ ಮೇಲೆ ಖರ್ಚು. ಒಂದಕ್ಕೂ ಬೂಸ್ಟಿಲ್ಲ. ಎದ್ದು ಹೋದವರೇ ಈಗ ಬಂದು ಕೇಳುತ್ತಿದ್ದಾರೆ. ನಾನೂ ಪಂಕ್ತಿಯಲ್ಲಿ ಕೂತೆ. ತಾಟಿಗೆ ಬಿದ್ದ ರೊಟ್ಟಿಯ ಅಂಚನ್ನು ಅಭ್ಯಾಸಬಲಕ್ಕೆ ತಿರುಗಿಸಿ ನೋಡಿದೆ. ಗೊತ್ತಾಗಲಿಲ್ಲ. ಸಿಹಿ ಮಾದಲಿ ಜೊತೆ ಮುರಿದು ತಿಂದೆ.

ರೊಟ್ಟಿ ಮೆತ್ತಗಾಗದಂತೆ ಚೀಲದ ತಳಕ್ಕೆ ಏನು ಹಾಕುತ್ತೇನೆ ಅಂತ ಮಾತ್ರ ಹೇಳಲ್ಲ. ಅದರ ಮೇಲಿನ ಮೋಹ ಇನ್ನೂ ಬಿಟ್ಟಿಲ್ಲ.