ಡಿಸ್ಕಿನ ಕೊನೆಯಲ್ಲಿ 1 ಜಿಬಿ ಯಾಕೆ ಖಾಲಿ ಬಿಟ್ಟೆ

ನನ್ನ ಮನೆಯ ಕಂಪ್ಯೂಟರಿನಲ್ಲಿ ಈಗ 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ಇವೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ. ಇದು ರೇಡ್ 1, ಅಂದರೆ ಮಿರರ್. ಎರಡೂ ಡಿಸ್ಕಿನ ಕೊನೆಯಲ್ಲಿ ಸುಮಾರು 1 ಜಿಬಿ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇನೆ. ಆ ಖಾಲಿ ಜಾಗದ ಬೆಲೆ ಗೊತ್ತಾಗಿದ್ದು ಇದಕ್ಕಿಂತ ಮುಂಚಿನ ಜೋಡಿಯಲ್ಲಿ ಒಂದು ಡಿಸ್ಕ್ ಕೈಕೊಟ್ಟಾಗ.

ಆಗ ಇದ್ದದ್ದು 1 ಟಿಬಿಯ ಎರಡು ಡಿಸ್ಕ್. ಲಿನಕ್ಸ್‌ನಲ್ಲಿ ರೇಡ್ ನೋಡಿಕೊಳ್ಳುವ ಎಂಡಿಆಡಮ್ (mdadm) ಅನ್ನುವ ಪ್ರೋಗ್ರಾಂ ಬಳಸಿ ಮಿರರ್ ಮಾಡಿದ್ದೆ. ಪಾರ್ಟಿಶನ್ ಮಾಡುವಾಗ, ಅಂದರೆ ಡಿಸ್ಕಿನ ಜಾಗವನ್ನು ಭಾಗ ಮಾಡುವಾಗ, ಕೊನೆಯ ಸೆಕ್ಟರ್ ಯಾವುದು ಅಂತ ಕೇಳುತ್ತದೆ. ಸೆಕ್ಟರ್ ಅಂದರೆ ಡಿಸ್ಕಿನ ಜಾಗ ಎಣಿಸುವ ಚಿಕ್ಕ ತುಂಡು. ಅಲ್ಲಿ ಸುಮ್ನೆ ಎಂಟರ್ ಒತ್ತಿದ್ದೆ. ಇದ್ದ ಜಾಗವೆಲ್ಲ ಪಾರ್ಟಿಶನ್‌ಗೆ ಹೋಯಿತು. ದುಡ್ಡು ಕೊಟ್ಟ ಜಾಗವನ್ನು ಯಾರಾದರೂ ಬಿಡುತ್ತಾರಾ, ಅಲ್ವಾ?

ಕೆಲವು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ಡಿಸ್ಕಿನಲ್ಲಿ ಕೆಟ್ಟ ಸೆಕ್ಟರುಗಳು ಜಾಸ್ತಿಯಾಗುತ್ತಾ ಹೋದವು. ಒಂದು ದಿನ ಅದು ಮಿರರ್‌ನಿಂದ ಹೊರಗೇ ಬಿತ್ತು. ಹಳೆಯ ಕಂಪ್ಯೂಟರಿನಿಂದ ತೆಗೆದಿಟ್ಟ 1 ಟಿಬಿ ಡಿಸ್ಕ್ ಒಂದು ನನ್ನ ಬಳಿ ಇತ್ತು. ಅದನ್ನು ಜೋಡಿಸಿ, ಪಾರ್ಟಿಶನ್ ಮಾಡಿ, ಮಿರರ್‌ಗೆ ಸೇರಿಸಲು ಹೋದೆ. ಇಷ್ಟು ಚಿಕ್ಕ ಡಿಸ್ಕ್ ಸೇರಿಸಲು ಆಗುವುದಿಲ್ಲ ಅಂತ ಎಂಡಿಆಡಮ್ ನಿರಾಕರಿಸಿತು.

ಎರಡರ ಮೇಲೂ 1 ಟಿಬಿ ಅಂತಲೇ ಬರೆದಿದೆ. ಚಿಕ್ಕದು ಹೇಗಾಯಿತು? ಸೆಕ್ಟರ್ ಎಣಿಕೆ ತೆಗೆಸಿ ನೋಡಿದೆ. ನನ್ನ ಡಿಸ್ಕಿನಲ್ಲಿ 1,95,35,25,168 ಸೆಕ್ಟರ್. ಸೇರಿಸಲು ಹೊರಟ ಡಿಸ್ಕಿನಲ್ಲಿ ಅದಕ್ಕಿಂತ 2113 ಕಡಿಮೆ. ಸೆಕ್ಟರಿಗೆ 512 ಬೈಟ್ ಅಂದರೆ ಬರೀ 1 ಎಂಬಿ ಚಿಲ್ಲರೆ. ಆ ಡಿಸ್ಕ್ ಮೊದಲು ಇದ್ದ ಕಂಪ್ಯೂಟರಿನ ಮದರ್‌ಬೋರ್ಡ್, ತನ್ನ ಬಯೋಸ್‌ನ (ಕಂಪ್ಯೂಟರ್ ಶುರು ಮಾಡುವ ಪ್ರೋಗ್ರಾಂ) ಒಂದು ಪ್ರತಿ ಇಟ್ಟುಕೊಳ್ಳಲು ಡಿಸ್ಕಿನ ತುದಿಯಲ್ಲಿ ಅಷ್ಟು ಜಾಗವನ್ನು ಮರೆಮಾಡಿತ್ತು. ಆ ಜಾಗವನ್ನು ಎಚ್‌ಡಿಪಾರ್ಮ್ (hdparm) ಅನ್ನುವ ಪ್ರೋಗ್ರಾಂನಿಂದ ನೋಡಬಹುದು, ಬಿಡಿಸಬಹುದು ಎಂಬುದು ನನಗೆ ತಿಳಿದದ್ದು ಬಹಳ ಆಮೇಲೆ.

ಆ ಹೊತ್ತಿನಲ್ಲಿ ನನ್ನ ಫೋಟೋಗಳು, ಕಾಗದಪತ್ರಗಳು ಎಲ್ಲ ಒಂದೇ ಒಂದು ಡಿಸ್ಕಿನ ಮೇಲೆ ನಿಂತಿದ್ದವು. ಫೈಲ್ ಸಿಸ್ಟಮ್ ಕುಗ್ಗಿಸಿ, ಆಮೇಲೆ ಮಿರರ್ ಕುಗ್ಗಿಸಿ, ಜಾಗ ಹೊಂದಿಸುವ ದಾರಿ ಇತ್ತು. ಆದರೆ ಉಳಿದಿರುವ ಒಂದೇ ಪ್ರತಿಯ ಮೇಲೆ ಕೈ ಹಾಕಲು ಧೈರ್ಯ ಬರಲಿಲ್ಲ. ಅದರ ಬದಲು ಹೊಸದಾಗಿ ಸೇರಿದ ಡಿಸ್ಕಿನ ಮೇಲೆ ಒಂದು ಬೇರೆ ಮಿರರ್ ಕಟ್ಟಿದೆ. ಎರಡನೇ ಡಿಸ್ಕ್ ಸದ್ಯಕ್ಕೆ ಇಲ್ಲ ಅಂತ ಎಂಡಿಆಡಮ್‌ಗೆ ಹೇಳಿದರೆ ಅದು ಒಂಟಿ ಡಿಸ್ಕಿನಲ್ಲೇ ಮಿರರ್ ಶುರು ಮಾಡುತ್ತದೆ. ಹಳೆಯ ಮಿರರನ್ನು ಓದಲು ಮಾತ್ರ ಬರುವಂತೆ ತೆರೆದು, ಎಲ್ಲವನ್ನೂ ಹೊಸದಕ್ಕೆ ಕಾಪಿ ಮಾಡಿದೆ. ಫೈಲುಗಳ ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಸಂಖ್ಯೆ) ಹೋಲಿಸಿ ನೋಡಿದ ಮೇಲೆಯೇ ಹಳೆಯ ಮಿರರ್‌ನ ಡಿಸ್ಕನ್ನು ಅಳಿಸಿ ಜೊತೆಗೆ ಸೇರಿಸಿದೆ. ಕಾಪಿ ಆಗುವಾಗ ಆ ಡಿಸ್ಕಿನ ಸದ್ದು ಸ್ವಲ್ಪ ಬದಲಾದರೂ ಎದ್ದು ಹೋಗಿ ನೋಡುತ್ತಿದ್ದೆ. ಮೊದಲೇ ಕೊನೆಯಲ್ಲಿ 2 ಎಂಬಿ ಜಾಗ ಬಿಟ್ಟಿದ್ದರೆ ಇದಾವುದೂ ಬೇಕಿರಲಿಲ್ಲ.

ಹಾಗಾಗಿ 4 ಟಿಬಿ ಜೋಡಿ ಬಂದಾಗ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆ. ಪಾರ್ಟಿಶನ್ ಪಟ್ಟಿಗೆ, ಅಂದರೆ ಯಾವ ಭಾಗ ಎಲ್ಲಿದೆ ಅನ್ನುವ ದಾಖಲೆಗೆ, ಜಿಪಿಟಿ ಅನ್ನುವ ಹೊಸ ಪದ್ಧತಿಯೇ ಬೇಕು. ಹಳೆಯ ಎಂಬಿಆರ್ ಪದ್ಧತಿಗೆ 512 ಬೈಟಿನ ಸೆಕ್ಟರಿನಲ್ಲಿ 2 ಟಿಬಿಯ ಆಚೆಗೆ ಲೆಕ್ಕ ಸಿಗುವುದಿಲ್ಲ. ಮೊದಲ ಪಾರ್ಟಿಶನ್ 1 ಜಿಬಿ, ಬೂಟ್ ಆಗಲು. ಎರಡನೆಯದು 100 ಜಿಬಿ, ಸಿಸ್ಟಮ್‌ಗೆ. ಉಳಿದದ್ದು ನನ್ನ ಫೈಲುಗಳಿಗೆ, ಕೊನೆಯ 1 ಜಿಬಿ ಬಿಟ್ಟು. ಎರಡನೆಯದು ಮತ್ತು ಮೂರನೆಯದು ಬೇರೆಬೇರೆ ಮಿರರ್. ಸಿಸ್ಟಮ್ ಹಾಳಾಗಿ ಮತ್ತೆ ಇನ್‌ಸ್ಟಾಲ್ ಮಾಡಬೇಕಾದರೂ ಫೈಲುಗಳ ಮಿರರ್ ಮುಟ್ಟಬೇಕಾಗಿಲ್ಲ.

ಸ್ವಾಪ್, ಅಂದರೆ ಮೆಮೊರಿ ಸಾಲದಾದಾಗ ಅದರ ಬದಲು ಬಳಸುವ ಡಿಸ್ಕಿನ ಜಾಗ, ಅದರ ಬಗ್ಗೆ ಒಂದು ಮಾತು. ಕೆಲವರು ಅದನ್ನು ಮಿರರ್‌ನ ಹೊರಗೆ, ಒಂದೊಂದು ಡಿಸ್ಕಿಗೆ ಒಂದೊಂದು ಇಡುತ್ತಾರೆ. ಸ್ವಾಪ್ ಇರುವ ಡಿಸ್ಕ್ ಸತ್ತರೆ ಅದರಲ್ಲಿದ್ದ ಮೆಮೊರಿಯೂ ಹೋಗುತ್ತದೆ. ಓಡುತ್ತಿರುವ ಪ್ರೋಗ್ರಾಂಗಳು ಅಲ್ಲೇ ಬೀಳುತ್ತವೆ. ನಾನು ಸಿಸ್ಟಮ್ ಮಿರರ್ ಒಳಗೇ ಸ್ವಾಪ್ ಫೈಲ್ ಇಟ್ಟೆ.

ಬೂಟ್ ಪಾರ್ಟಿಶನ್ ಮಾತ್ರ ಮಿರರ್ ಅಲ್ಲ. ಬಯೋಸ್‌ನ ಜಾಗಕ್ಕೆ ಬಂದಿರುವ ಯುಇಎಫ್ಐ ಮದರ್‌ಬೋರ್ಡಿನಲ್ಲಿರುತ್ತದೆ. ಅದಕ್ಕೆ ಲಿನಕ್ಸ್ ರೇಡ್ ಅರ್ಥವಾಗುವುದಿಲ್ಲ, ಫ್ಯಾಟ್ ಅನ್ನುವ ಸಾದಾ ಫೈಲ್ ಸಿಸ್ಟಮ್ ಇರುವ ಪಾರ್ಟಿಶನ್ ಬೇಕು. ಎರಡೂ ಡಿಸ್ಕಿನಲ್ಲಿ ಒಂದೊಂದು ಮಾಡಿ, ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್ ಬದಲಾದಾಗಲೆಲ್ಲ ಮೊದಲನೆಯದರಿಂದ ಎರಡನೆಯದಕ್ಕೆ ಕಾಪಿ ಆಗುವಂತೆ ಚಿಕ್ಕ ಸ್ಕ್ರಿಪ್ಟ್ ಬರೆದಿದ್ದೇನೆ. ಇದನ್ನು ಬಿಟ್ಟರೆ ಮಾಹಿತಿಯೆಲ್ಲ ಕ್ಷೇಮವಾಗಿದ್ದರೂ ಕಂಪ್ಯೂಟರ್ ಏಳುವುದಿಲ್ಲ.

ಮೊದಲ ಡಿಸ್ಕಿನಲ್ಲಿ ಪಾರ್ಟಿಶನ್ ಮಾಡಿ, ಆ ಪಟ್ಟಿಯನ್ನೇ ಎಸ್‌ಜಿಡಿಸ್ಕ್ (sgdisk) ಅನ್ನುವ ಕಮಾಂಡ್‌ನಿಂದ ಎರಡನೆಯದಕ್ಕೆ ನಕಲು ಮಾಡಿದೆ. ಇಲ್ಲಿ ತುಂಬಾ ಹುಷಾರಾಗಿರಬೇಕು. ಆ ಕಮಾಂಡ್‌ನಲ್ಲಿ ಮೊದಲು ಬರೆಯುವುದು ಯಾವ ಡಿಸ್ಕಿಗೆ ನಕಲಾಗಬೇಕೋ ಅದರ ಹೆಸರು. ಕೊನೆಯಲ್ಲಿ ಬರುವುದು ಯಾವುದರಿಂದ ಅನ್ನುವುದು. ತಿರುವುಮುರುವಾದರೆ ತುಂಬಿದ ಡಿಸ್ಕಿನ ಪಟ್ಟಿಯ ಮೇಲೆ ಖಾಲಿ ಡಿಸ್ಕಿನ ಪಟ್ಟಿ ಕೂರುತ್ತದೆ. ಎರಡೂ ಖಾಲಿ ಇರುವಾಗ ಪರವಾಗಿಲ್ಲ, ಕೆಟ್ಟ ಡಿಸ್ಕ್ ಬದಲಿಸುವ ದಿನ ಹೀಗಾದರೆ ಗತಿಯೇನು? ನಕಲು ಆದ ಮೇಲೆ ಎರಡನೆಯದರ ಗುರುತಿನ ಸಂಖ್ಯೆಗಳನ್ನು ಹೊಸದಾಗಿ ಹಾಕಿಸಬೇಕು, ಇಲ್ಲದಿದ್ದರೆ ಎರಡು ಡಿಸ್ಕಿಗೂ ಒಂದೇ ಗುರುತು ಉಳಿಯುತ್ತದೆ.

ಹೆಸರಿನ ಗೊಂದಲ ಇನ್ನೊಂದು. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳು ಪ್ರತಿ ಸಲ ಬೂಟ್ ಮಾಡಿದಾಗಲೂ ಹಾಗೇ ಇರುತ್ತವೆ ಅನ್ನುವ ಹಾಗಿಲ್ಲ. ಅದಕ್ಕೆ ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಚೀಟಿಯಲ್ಲಿ ಬರೆದು, ಡಬ್ಬಿ ತೆರೆದ ಕೂಡಲೇ ಕಾಣುವ ಅಂಚಿಗೆ ಅಂಟಿಸಿದೆ. ಕಮಾಂಡ್ ಕೊಡುವಾಗಲೂ ಸೀರಿಯಲ್ ನಂಬರ್ ಇರುವ ಉದ್ದ ಹೆಸರನ್ನೇ ಬಳಸುತ್ತೇನೆ. ಬೆರಳಿಗೆ ಕೆಲಸ ಜಾಸ್ತಿ, ಮನಸ್ಸಿಗೆ ನೆಮ್ಮದಿ.

ಮಿರರ್ ಕಟ್ಟಿದ ಮೇಲೆ ಒಂದನ್ನು ನೋಡಿ ಇನ್ನೊಂದು ತುಂಬಿಕೊಳ್ಳಲು ಏಳೆಂಟು ಗಂಟೆ ಹಿಡಿಯಿತು. ಸೆಕೆಂಡಿಗೆ 150 ಎಂಬಿ ಅಂದುಕೊಂಡರೆ 4 ಟಿಬಿಗೆ ಅಷ್ಟು ಬೇಕೇ ಬೇಕು. ಆ ಹೊತ್ತಿನಲ್ಲಿ ಎಂಡಿಆಡಮ್‌ನ ಕಾನ್ಫಿಗ್ ಫೈಲಿನಲ್ಲಿ ಎರಡೂ ಮಿರರ್ ಹೆಸರು ಸೇರಿಸಿ, ಬೂಟ್ ಆಗುವಾಗ ಮೊದಲು ಓದುವ ಬೂಟ್ ಇಮೇಜ್ ಹೊಸದು ಮಾಡಿಸಿದೆ. ಹಿಂದೆ ಒಮ್ಮೆ ಇದನ್ನು ಮರೆತು, ಸೊನ್ನೆ ಅಂತ ನಂಬರ್ ಕೊಟ್ಟ ಮಿರರ್ ಮುಂದಿನ ಬೂಟ್‌ನಲ್ಲಿ 127 ಆಗಿ ಬಂದಿತ್ತು. ಡಿಸ್ಕ್ ಹೊರಬಿದ್ದರೆ ಇಮೇಲ್ ಬರುವ ಹಾಗೆಯೂ ಮಾಡಿದೆ. ಮಿರರ್ ಒಂಟಿ ಡಿಸ್ಕಿನಲ್ಲೂ ಸದ್ದಿಲ್ಲದೆ ಓಡುತ್ತದೆ. ಹೇಳುವವರಿಲ್ಲದಿದ್ದರೆ ಎರಡನೆಯದೂ ಹೋದ ಮೇಲೆಯೇ ಗೊತ್ತಾಗುವುದು.

ಅಂದಹಾಗೆ, ಮಿರರ್ ಇದೆ ಅಂತ ಬ್ಯಾಕಪ್ ಬಿಡಬೇಡಿ. ಒಂದು ಫೋಲ್ಡರ್ ತಪ್ಪಿ ಅಳಿಸಿದರೆ ಅದೇ ಕ್ಷಣ ಎರಡೂ ಡಿಸ್ಕಿನಿಂದ ಹೋಗುತ್ತದೆ. ನನ್ನ ಬ್ಯಾಕಪ್ ಹೊರಗಿನ ಬೇರೆ ಡಿಸ್ಕಿನಲ್ಲಿದೆ. ಕೆಲಸ ಮುಗಿದ ಮೇಲೆ ಅದರ ಕೇಬಲ್ ತೆಗೆದಿಡುತ್ತೇನೆ.

ಫೈಲ್ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಕಂಪ್ಯೂಟರ್ ಆರಿಸಿ, ಮೊದಲ ಡಿಸ್ಕಿನ ಕೇಬಲ್ ಕಿತ್ತು, ಮತ್ತೆ ಆನ್ ಮಾಡಿದೆ. ಸ್ವಲ್ಪ ಹೊತ್ತು ಪರದೆ ಕಪ್ಪಗಿತ್ತು. ಆಮೇಲೆ ಲಾಗಿನ್ ಬಂತು. ಮಿರರ್ ಸ್ಥಿತಿ ತೆಗೆದು ನೋಡಿದರೆ, ಚೌಕ ಕಂಸದೊಳಗೆ ಎರಡು ಯು ಅಕ್ಷರ ಇರಬೇಕಾದ ಕಡೆ ಒಂದು ಅಡಿಗೆರೆ, ಒಂದು ಯು. ಯು ಅಂದರೆ ಡಿಸ್ಕ್ ಇದೆ, ಅಡಿಗೆರೆ ಅಂದರೆ ಇಲ್ಲ. ಒಂಟಿ ಡಿಸ್ಕಿನಲ್ಲಿ ಕೆಲವು ಫೈಲ್ ಬರೆದೆ. ಆರಿಸಿ, ಕೇಬಲ್ ಹಾಕಿ, ಬಿಟ್ಟು ಹೋದ ಪಾರ್ಟಿಶನ್‌ಗಳನ್ನು ಮತ್ತೆ ಸೇರಿಸಿದೆ. ಯಾವ ಭಾಗ ಬದಲಾಗಿದೆ ಅನ್ನುವ ಗುರುತನ್ನು ಮಿರರ್ ಇಟ್ಟುಕೊಂಡಿರುತ್ತದೆ, ಅದಕ್ಕೆ ಬಿಟ್‌ಮ್ಯಾಪ್ ಅನ್ನುತ್ತಾರೆ. ಹಾಗಾಗಿ ಈ ಸಲ ಏಳು ಗಂಟೆ ಬೇಕಾಗಲಿಲ್ಲ, ಬದಲಾದಷ್ಟನ್ನೇ ಬರೆದುಕೊಂಡು ಬೇಗ ಮುಗಿಸಿತು. ಅಡಿಗೆರೆ ಹೋಗಿ ಎರಡು ಯು ಬಂದವು. ಎರಡನೇ ಡಿಸ್ಕಿನ ಕೇಬಲ್ ಕಿತ್ತೂ ಹೀಗೇ ನೋಡಿದೆ. ಅದೂ ಸರಿಯಾದ ಮೇಲೆ ಫೋಟೋಗಳನ್ನು ಕಾಪಿ ಮಾಡಲು ಹಾಕಿ ಮಲಗಿದೆ.