ಬ್ರೇಕ್ ಆಯಿಲ್: ಬಣ್ಣ ನೋಡುವುದನ್ನು ನಾನು ಬಿಟ್ಟದ್ದು

ಗೋವಾದ ವಾಸ್ಕೋದ ನಮ್ಮ ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್‌ಗೆ ಎರಡೇ ನಿಯಮ: ಕಪ್ಪಾಗಿದ್ದರೆ ಬದಲಿಸು, ಇಲ್ಲವಾದರೆ ಮೇಲಷ್ಟು ತುಂಬಿಸು. ಆದರೆ ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ನೀರು ಸೇರಿದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ, ಕುದಿದರೆ ಆವಿಯ ಗುಳ್ಳೆ ಎದ್ದು ಬ್ರೇಕ್ ಹಿಡಿಯುವುದಿಲ್ಲ. ಅದಕ್ಕೇ ಕುದಿಬಿಂದು ಅಳೆದು ತೀರ್ಮಾನಿಸುತ್ತೇನೆ ಎಂದಾಗ ಪಕ್ಕದ ಗ್ಯಾರೇಜಿನ ಕಾಕಾ, ‘ಚಹದಂಗಡಿ ಇಟ್ಟಿದ್ದೀಯೇನು, ಕುದಿಸಿ ನೋಡಲಿಕ್ಕೆ?’ ಎಂದು ನಕ್ಕಿದ್ದರು. ಈಗ ಅವರೇ ಸಂಶಯದ ಗಾಡಿಗಳನ್ನು ನನ್ನಲ್ಲಿಗೆ ಕಳಿಸುತ್ತಾರೆ.

ಮೊದಲು ಕೊಂಡದ್ದು ದೀಪ ಹತ್ತುವ ಪೆನ್ನು, ಮುನ್ನೂರು ರೂಪಾಯಿಯೋ ಏನೋ. ದಂಡ. ಅದು ಅಳೆಯುವುದು ಆಯಿಲ್‌ನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು, ನೀರನ್ನಲ್ಲ. ಆಗಷ್ಟೇ ಸೀಲ್ ಒಡೆದ ಡಬ್ಬಿಗಳಲ್ಲೇ ಒಂದು ಕಂಪನಿಯದಕ್ಕೆ ಹಸಿರು ದೀಪ, ಇನ್ನೊಂದಕ್ಕೆ ಹಳದಿ. ಬೇರೆಲ್ಲೋ ಇಂಥದೇ ಪೆನ್ನು ಹಿಡಿದು ‘ಇನ್ನೊಂದು ವರ್ಷ ಓಡಿಸಿ’ ಎಂದು ಕಳಿಸಿದ್ದ ಕಾರು, ಬೆಳಗಾವಿಯಿಂದ ಬರುವಾಗ ಚೋರ್ಲಾ ಘಾಟಿನ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗಿ ನನ್ನಲ್ಲಿಗೆ ಬಂತು. ಬಾನೆಟ್ ಎತ್ತಿದರೆ ಕಾಣುವ, ಬ್ರೇಕ್ ಆಯಿಲ್ ತುಂಬುವ ಡಬ್ಬಿಯಲ್ಲಿ ಅದು ತಿಳಿಯಾಗಿಯೇ ಇತ್ತು. ಮುಂದಿನ ಕ್ಯಾಲಿಪರ್‌ನಿಂದ, ಅಂದರೆ ಚಕ್ರದ ಬಳಿ ಬ್ರೇಕ್ ಪ್ಯಾಡ್ ಒತ್ತುವ ಭಾಗದಿಂದ, ತೆಗೆದದ್ದು 150 ಡಿಗ್ರಿಯ ಹತ್ತಿರವೇ ಕುದಿಯಿತು.

ಗುಟ್ಟು ಅಲ್ಲೇ ಇದೆ. ಬ್ರೇಕ್ ಆಯಿಲ್ ಎಂಜಿನ್ ಆಯಿಲಿನ ಹಾಗೆ ಸುತ್ತುವುದಿಲ್ಲ. ಬಿಸಿಯಾಗುವುದು ಕೆಳಗೆ, ಚಕ್ರದ ಬಳಿ; ನಾವು ಇಣುಕುವುದು ಮೇಲೆ. ಹಾಗಾಗಿ ಕ್ಯಾಲಿಪರ್‌ನಿಂದ ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲ್‌ನಿಂದ ಮೊದಲ ಹನಿಗಳನ್ನು ಚೆಲ್ಲಿ, ಆಮೇಲೆ ಬಂದದ್ದನ್ನು ಅಳೆಯುತ್ತೇನೆ. ಒಬ್ಬನೇ ಇದ್ದಾಗ ಗಾಳಿ ಸೇರದಂತೆ ಅದನ್ನು ಹೇಗೆ ತೆಗೆಯುತ್ತೇನೆ ಎಂಬುದು ಹೊಟ್ಟೆಪಾಡಿನ ವಿಷಯ, ಬರೆಯುವುದಿಲ್ಲ.

ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯದೆ ಕನಿಷ್ಠ 230 ಡಿಗ್ರಿ ತಡೆಯಬೇಕು, ಶೇಕಡಾ 3.7ರಷ್ಟು ನೀರು ಸೇರಿದ ಮೇಲೂ 155. ಘಾಟು ಹತ್ತುವ ಗಾಡಿಯಾದರೆ 180ಕ್ಕಿಂತ ಇಳಿದ ಕೂಡಲೇ ಬದಲಿಸುತ್ತೇನೆ. ಪಣಜಿ-ಮಡಗಾಂವ್ ಓಡಾಟವಷ್ಟೇ ಇದ್ದರೆ 170ರವರೆಗೆ ಬಿಡುತ್ತೇನೆ. ಕಪ್ಪಗಿದ್ದು 200 ದಾಟಿದ ಆಯಿಲನ್ನೂ ಕಂಡಿದ್ದೇನೆ. ಗಿರಾಕಿಗೆ ‘ಈಗ ಬೇಡ’ ಎಂದು ಹೇಳಿ ಕಳಿಸಿದ್ದೇನೆ.

ಒಂದು ಮಳೆಗಾಲ ಹೊಸ ಆಯಿಲನ್ನು ಸ್ಟೀಲ್ ಬಟ್ಟಲಿನಲ್ಲಿ ತೆರೆದಿಟ್ಟು ನೋಡಿದೆ. ಕೆಲವೇ ವಾರಗಳಲ್ಲಿ 170ರ ಆಸುಪಾಸಿಗೆ ಬಂತು. ಬಟ್ಟಲು ತುಳುಕಿ ಪಕ್ಕದಲ್ಲಿದ್ದ ಬಾನೆಟ್‌ನ ಬಣ್ಣವೂ ಎದ್ದಿತು, ಅದು ಬೇರೆ ಖರ್ಚು. ಅಂದಿನಿಂದ ಅರ್ಧ ಉಳಿದ ಡಬ್ಬಿಯನ್ನು ಮರುದಿನದ ಗಾಡಿಗೆ ಸುರಿಯುವುದಿಲ್ಲ.

ಕುದಿಬಿಂದು ಅಳೆಯುವ ನನ್ನ ಯಂತ್ರ ಸೆಕೆಂಡ್ ಹ್ಯಾಂಡ್, ಹದಿನೈದು ಸಾವಿರದ ಸುಮಾರು. ಪರೀಕ್ಷೆಗೆ ನೂರೈವತ್ತು ತೆಗೆದುಕೊಳ್ಳುತ್ತೇನೆ, ಬದಲಿಸಿದರೆ ಬಿಲ್ಲಿನಲ್ಲಿ ಕಳೆಯುತ್ತೇನೆ. ವರ್ಷ ತುಂಬುವುದರೊಳಗೆ ದುಡ್ಡು ವಾಪಸು ಬಂತು.